ಗೋಲ್ಡ್‌ಫಿಶ್‌ಗೂ ಸೊಪ್ಪು ಹಾಕ್ರಪ್ಪ

1/9

ಮೊದಲ ಫೋಟೋ ನೋಡಿ. ಸ್ಟೀಲ್ ತಟ್ಟೇಲಿ ನಾಲ್ಕು ಬಟಾಣಿ, ಒಂದು ಚೂರು ಬೇಯಿಸಿದ ಪಾಲಕ್, ಉಗುರಿನಷ್ಟು ಕ್ಯಾರೆಟ್. ಇದು ನನ್ನ ಡಯಟ್ ಅಲ್ಲ, ನಮ್ಮನೆ ಗೋಲ್ಡ್‌ಫಿಶ್ ಗುಂಡನ ಊಟ.

ಹೋದ ವಾರ ಇದನ್ನೇ ಸ್ಟೋರಿಗೆ ಹಾಕಿದ್ದೆ. ನಗೋ ಎಮೋಜಿ ಕಳಿಸಿದ್ದೇ ಕಳಿಸಿದ್ದು ನೀವೆಲ್ಲ. ಕ್ಲಾಸಲ್ಲಿ ಕಾಸ್ಟಿಂಗ್ ಪಿರಿಯಡ್ ನಡೀತಿರುವಾಗ ಹಿಂದಿನ ಬೆಂಚಿಂದ "ಲೇ, ಮೀನಿಗೆ ಸಾರು ಮಾಡಲ್ವಾ?" ಅಂತ ಕೇಳಿದವರೂ ಇದ್ದೀರ. ಹೆಸರು ಹೇಳಲ್ಲ, ಗೊತ್ತಾಗುತ್ತೆ. ಮನೇಲಿ ನಮ್ಮಜ್ಜಿ "ಚೇಪಲಕಿ ಕೂಡಾ ಆಕುಕೂರಾ?" ಅಂದು ಗಲ್ಲದ ಮೇಲೆ ಕೈ ಇಟ್ಕೊಂಡ್ರು. ಮೀನಿಗೂ ಸೊಪ್ಪಾ ಅಂತ. ಕ್ಯಾತಗಾನಚೆರ್ಲು ಕಡೆಯವರಿಗೆ ಈ ಮಾತು ಅನುವಾದ ಮಾಡಿ ಹೇಳ್ಬೇಕಾಗಿಲ್ಲ, ನಮ್ಮಲ್ಲಿ ಅರ್ಧ ವಾಕ್ಯ ತೆಲುಗಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುತ್ತೆ. ಬೇರೆ ಊರಿನ ಫಾಲೋವರ್ಸ್‌ಗೆ ಅಂತ ಹೇಳ್ದೆ.

ಹೌದು, ಮೀನಿಗೂ ಸೊಪ್ಪೇ. ನನ್ನ ಅಭಿಪ್ರಾಯ ನೇರವಾಗಿ ಹೇಳ್ಬಿಡ್ತೀನಿ: ಗೋಲ್ಡ್‌ಫಿಶ್ ಸಾಕಿ ವರ್ಷಪೂರ್ತಿ ಬರೀ ಕೆಂಪು ಹಸಿರು ಗುಳಿಗೆ ಹಾಕೋದು ಸಾಕೋದಲ್ಲ. ದಿನಕ್ಕೆ ಹತ್ತು ನಿಮಿಷ ತರಕಾರಿಗೆ ಕೊಡೋಕೆ ಆಗಲ್ಲ ಅಂದ್ರೆ ಬರ್ತ್‌ಡೇ ಗಿಫ್ಟ್ ಅಂತ ಮೀನು ತರ್ಬೇಡಿ, ಟೆಡ್ಡಿ ಕೊಡಿ.

ಈ ಮಾತು ಹೇಳೋ ಯೋಗ್ಯತೆ ನನಗೆ ಹೇಗೆ ಬಂತು ಅಂದ್ರೆ, ಒಂದು ಮೀನನ್ನ ಕೊಂದು ಬಂತು. ಸ್ವೈಪ್ ಮಾಡಿ.

2/9

ಎರಡು ವರ್ಷದ ಹಿಂದೆ, ಪಿಯುಸಿ ಮುಗಿದ ರಜೆ. ತಂಗಿಗೆ ಅಂತ ಎರಡು ಗೋಲ್ಡ್‌ಫಿಶ್ ತಂದೆ, ಒಂದು ರೌಂಡ್ ಗಾಜಿನ ಬೌಲ್ ಸಮೇತ. ಪ್ಲಾಸ್ಟಿಕ್ ಕವರಲ್ಲಿ ನೀರು ಕಟ್ಟಿಸ್ಕೊಂಡು, ಬಸ್ಸಲ್ಲಿ ತೊಡೆ ಮೇಲೆ ಇಟ್ಕೊಂಡು ಬಂದದ್ದು. ಕಂಡಕ್ಟರ್ "ಇದಕ್ಕೂ ಟಿಕೆಟ್ ತಗೋ" ಅಂತ ರೇಗಿಸಿದ್ರು.

ತಂಗಿ ಅವಕ್ಕೆ ಗುಂಡ, ಗುಂಡಿ ಅಂತ ಹೆಸರಿಟ್ಟಳು. ಅಂಗಡಿಯವರು ಒಂದು ಚಿಕ್ಕ ಡಬ್ಬಿ ಗುಳಿಗೆ ಕೊಟ್ಟು "ದಿನಾ ಇದು ಹಾಕಿ, ಬೇರೆ ಏನೂ ಬೇಡ" ಅಂದ್ರು. ಸರಿ, ಹಾಕಿದ್ವಿ. ಬೆಳಗ್ಗೆ ಅಪ್ಪ ಹಾಕಿ ಕೆಲಸಕ್ಕೆ ಹೋಗೋರು. ಅವರು ಹಾಕಿದ್ದು ಗೊತ್ತಿಲ್ಲದೆ ಅಮ್ಮ ಹಾಕೋರು. ಸ್ಕೂಲಿಂದ ಬಂದು ತಂಗಿ. ರಾತ್ರಿ ನಾನು. ಮಧ್ಯದಲ್ಲಿ ಅಜ್ಜಿ ಎರಡು ಅನ್ನದ ಅಗುಳು. ಯಾಕಂದ್ರೆ ಬೌಲ್ ಹತ್ರ ಯಾರು ಹೋದ್ರೂ ಆ ಎರಡೂ ಬಾಯಿ ಬಿಟ್ಕೊಂಡು ಮೇಲೆ ಬರ್ತಿದ್ವು. ಪಾಪ ಹಸಿವು ಅಂದ್ಕೊಂಡ್ವಿ.

ಮೂರನೇ ವಾರಕ್ಕೆ ಗುಂಡಿಯ ಹೊಟ್ಟೆ ಊದ್ತು. ಆಮೇಲೆ ಪಕ್ಕಕ್ಕೆ ವಾಲಿ ಈಜೋಕೆ ಶುರು ಮಾಡ್ತು. ಒಂದು ಬೆಳಗ್ಗೆ ತಲೆಕೆಳಗಾಗಿ ತೇಲ್ತಿತ್ತು, ಕಿವಿರು ಮಾತ್ರ ಆಡ್ತಿತ್ತು. ಅಂಗಡಿಗೆ ಫೋನ್ ಮಾಡಿದ್ರೆ "ಗೋಲ್ಡ್‌ಫಿಶ್ ಅಂದ್ರೆ ಹಂಗೇ, ಬಾಳಿಕೆ ಕಮ್ಮಿ. ಇನ್ನೊಂದು ತಗೊಂಡೋಗಿ" ಅಂದ್ರು. ಸಂಜೆಗೆ ಹೋಗ್ಬಿಡ್ತು.

ಹಿತ್ತಲಲ್ಲಿ ಕರಿಬೇವಿನ ಗಿಡದ ಬುಡಕ್ಕೆ ಹೂತ್ವಿ. ತಂಗಿ ಅಳ್ಲಿಲ್ಲ. ರಾತ್ರಿ ಮಲಗೋವಾಗ ಕೇಳಿದಳು: "ಅಕ್ಕಾ, ಅದಕ್ಕೆ ಹೊಟ್ಟೆ ನೋಯ್ತಿತ್ತಾ?"

ಉತ್ತರ ನನ್ಹತ್ರ ಇರ್ಲಿಲ್ಲ. ಹುಡುಕಿ ಓದೋಕೆ ಕೂತಾಗ ಸಿಕ್ಕಿದ ಮೊದಲನೇ ವಿಷಯವೇ ನನ್ನ ಬಾಯಿ ಮುಚ್ಚಿಸ್ತು.

3/9

ಗೋಲ್ಡ್‌ಫಿಶ್‌ಗೆ ಹೊಟ್ಟೆನೇ ಇಲ್ಲ.

ಜೋಕ್ ಅಲ್ಲ. ಜಠರ ಅಂತೀವಲ್ಲ, ಊಟವನ್ನ ಸ್ವಲ್ಪ ಹೊತ್ತು ಹಿಡಿದಿಟ್ಟು ಅರೆಯೋ ಚೀಲ, ಅದು ಈ ಮೀನಿಗಿಲ್ಲ. ಬಾಯಿಂದ ಹೋದದ್ದು ನೇರ ಕರುಳಿಗೆ. ಕರುಳು ಮಾತ್ರ ಉದ್ದ, ಸುತ್ತಿಕೊಂಡು ಕೂತಿರುತ್ತೆ. ದವಡೇಲಿ ಹಲ್ಲಿಲ್ಲ, ಗಂಟಲೊಳಗೆ ಹಲ್ಲಿದೆ, ಅಲ್ಲೇ ಅರೆಯೋದು. ಹತ್ತಿರ ಕಿವಿಯಿಟ್ಟು ಕೇಳಿದ್ರೆ ಕೆಲವು ಸಲ ಕಟಕಟ ಅನ್ನುತ್ತೆ ಅಂತ ತಂಗಿ ಹೇಳ್ತಾಳೆ, ನನಗಿನ್ನೂ ಕೇಳಿಸಿಲ್ಲ.

ಈ ದೇಹದ ವ್ಯವಸ್ಥೆ ನೋಡಿದ್ರೇ ಗೊತ್ತಾಗುತ್ತೆ ಇದು ಎಂಥ ಊಟದವನು ಅಂತ. ಒಂದೇ ಸಲ ಗಬಗಬ ತಿಂದು ಮಲಗೋ ಪ್ರಾಣಿ ಅಲ್ಲ. ಕುರಿ ಮೇಯ್ದಂಗೆ ದಿನವಿಡೀ ಚೂರುಚೂರು ಮೇಯೋದು. ಗೋಲ್ಡ್‌ಫಿಶ್ ನಮ್ಮ ಕೆರೆಗಳಲ್ಲಿ ಬಿಡೋ ಕಾಟ್ಲಾ, ರೋಹು, ಗೆಂಡೆ ಮೀನಿನ ನೆಂಟ, ಅದೇ ಕಾರ್ಪ್ ಕುಟುಂಬ. ಸಾವಿರ ವರ್ಷಕ್ಕೂ ಹಿಂದೆ ಚೀನಾದಲ್ಲಿ ಕೊಳದ ಬೂದು ಮೀನುಗಳ ಮಧ್ಯೆ ಅಪರೂಪಕ್ಕೆ ಹುಟ್ಟಿದ ಹಳದಿ ಕೆಂಪು ಮೀನುಗಳನ್ನ ಆರಿಸಿ ಆರಿಸಿ ಸಾಕಿ ಮಾಡಿದ ತಳಿ. ಕೊಳದಲ್ಲಿ ಅದು ತಿನ್ನೋದೇನು? ಕಲ್ಲಿನ ಮೇಲಿನ ಪಾಚಿ, ನೀರಿನ ಗಿಡದ ಎಳೆ ಎಲೆ, ಕೆಸರಲ್ಲಿ ಕೊಳೆತ ಎಲೆಪುಡಿ, ಸೊಳ್ಳೆ ಮರಿ, ಹುಳ, ಕಣ್ಣಿಗೆ ಕಾಣದಷ್ಟು ಚಿಕ್ಕ ಸಿಗಡಿಯಂಥವು. ತಳದ ಮಣ್ಣನ್ನ ಬಾಯಿಗೆ ಹಾಕ್ಕೊಂಡು ಜರಡಿ ಹಿಡಿದಂಗೆ ಬೇಕಾದ್ದು ಇಟ್ಕೊಂಡು ಮಿಕ್ಕಿದ್ದು ಉಗಿಯುತ್ತೆ.

ಅಂಥದ್ದಕ್ಕೆ ನಾವು ಒಣಗಿದ ತೇಲೋ ಗುಳಿಗೆ, ದಿನಕ್ಕೆ ಐದು ಸಲ. ಬೌಲಲ್ಲಿ ಒಂದು ಎಲೆಯೂ ಇರ್ಲಿಲ್ಲ.

ನಿಜ ಹೇಳ್ಬೇಕು ಅಂದ್ರೆ ಗುಂಡಿ ಗುಳಿಗೆಯಿಂದಲೇ ಸತ್ತಿತು ಅಂತ ನಾನು ಸಾಬೀತು ಮಾಡೋಕಾಗಲ್ಲ. ಫಿಲ್ಟರ್ ಇಲ್ಲದ ಚಿಕ್ಕ ಬೌಲ್, ಅದರಲ್ಲಿ ಎರಡು ಮೀನು, ಕೊಳೀತಿರೋ ಮಿಕ್ಕಿದ ಊಟ, ಎಲ್ಲಾ ಸೇರಿತ್ತು. ಆದ್ರೆ ಇದ್ರಲ್ಲಿ ಮೀನು ಮಾಡಿದ ತಪ್ಪು ಯಾವುದೂ ಇಲ್ಲ.

4/9

"ಬಾಳಿಕೆ ಕಮ್ಮಿ" ಅನ್ನೋ ಮಾತಿನ ಬಗ್ಗೆ ಒಂದು ನಿಮಿಷ. ಇಂಗ್ಲೆಂಡಲ್ಲಿ 1956ರಲ್ಲಿ ಜಾತ್ರೆ ಆಟದಲ್ಲಿ ಗೆದ್ದು ತಂದ ಟಿಶ್ ಅನ್ನೋ ಗೋಲ್ಡ್‌ಫಿಶ್ 1999ರವರೆಗೂ ಬದುಕಿತ್ತು. 43 ವರ್ಷ. ನನ್ನ ವಯಸ್ಸಿನ ಎರಡರಷ್ಟಕ್ಕಿಂತ ಜಾಸ್ತಿ. ಅದು ದಾಖಲೆ, ಎಲ್ಲಾ ಮೀನೂ ಹಂಗೆ ಬದುಕಲ್ಲ, ಒಪ್ಪಿದೆ. ಆದ್ರೆ ಚೆನ್ನಾಗಿ ನೋಡ್ಕೊಂಡ್ರೆ ಹತ್ತು ಹದಿನೈದು ವರ್ಷ ಬದುಕೋ ಪ್ರಾಣಿ ಅದು. ಮೂರು ವಾರಕ್ಕೆ ಸತ್ತರೆ ಅದನ್ನ "ಬಾಳಿಕೆ ಕಮ್ಮಿ" ಅನ್ನೋದು ಕಾಲಿಗೆ ಚಪ್ಪಲಿ ಹರಿದುಹೋದಾಗ ಹೇಳೋ ಮಾತು.

ಇನ್ನೊಂದು, ಮೂರು ಸೆಕೆಂಡ್ ಮೆಮೊರಿ ಕಥೆ. ಅದೂ ಸುಳ್ಳು. 2022ರಲ್ಲಿ ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದವರು ಚಕ್ರದ ಗಾಡಿ ಮೇಲೆ ನೀರಿನ ತೊಟ್ಟಿ ಇಟ್ಟು, ಗೋಲ್ಡ್‌ಫಿಶ್ ಯಾವ ಕಡೆ ಈಜುತ್ತೋ ಗಾಡಿ ಆ ಕಡೆ ಹೋಗೋ ಹಂಗೆ ಮಾಡಿದ್ರು. ಗುರುತು ಹಾಕಿದ ಜಾಗಕ್ಕೆ ಗಾಡಿ ಓಡಿಸಿದ್ರೆ ತಿಂಡಿ. ಮೀನುಗಳು ಕಲಿತವು. ನಮ್ಮ ಗ್ಯಾಂಗಲ್ಲಿ ಡ್ರೈವಿಂಗ್ ಟೆಸ್ಟ್ ಎರಡು ಸಲ ಫೇಲಾದವರು ಇದನ್ನ ಓದ್ತಿದ್ರೆ ಬೇಜಾರು ಮಾಡ್ಕೋಬೇಡಿ.

ಇದನ್ನ ಯಾಕೆ ಹೇಳ್ದೆ ಅಂದ್ರೆ, ನೀವು ಹೋದ ತಕ್ಷಣ ಬಾಯಿ ಬಿಟ್ಕೊಂಡು ಮೇಲೆ ಬರೋದು ಹಸಿವಲ್ಲ, ನೆನಪು. ಈ ನೆರಳು ಬಂದ್ರೆ ತಿಂಡಿ ಬೀಳುತ್ತೆ ಅಂತ ಅದಕ್ಕೆ ಗೊತ್ತು. ನಮ್ಮನೇಲಿ ಐದು ನೆರಳಿದ್ವು.

5/9

ಈಗ ಅಡುಗೆಮನೆಗೆ ಬನ್ನಿ. ಈ ಪೋಸ್ಟನ್ನ ಸೇವ್ ಮಾಡ್ಕೊಳ್ಳಿ, ಇದಕ್ಕೇ ಜಾಸ್ತಿ ಮೆಸೇಜ್ ಬರೋದು.

ಬಟಾಣಿ: ಹಸಿ ಬಟಾಣಿ ಕುದಿಯೋ ನೀರಲ್ಲಿ ಎರಡು ಮೂರು ನಿಮಿಷ, ತೆಗೆದು ತಣ್ಣೀರಿಗೆ. ಆಮೇಲೆ ಹಿದುಕಿದವರೆ ಮಾಡ್ತೀವಲ್ಲ, ಅದೇ ಥರ ಎರಡು ಬೆರಳಲ್ಲಿ ಹಿದುಕಿದ್ರೆ ಒಳಗಿನ ಬೇಳೆ ಪುಸಕ್ಕಂತ ಆಚೆ ಬರುತ್ತೆ. ಸಿಪ್ಪೆ ಬಿಸಾಕಿ. ಬೇಳೇನ ಮೀನಿನ ಬಾಯಿಗೆ ಹಿಡಿಯೋಷ್ಟು ಚೂರು ಮಾಡಿ. ಅವರೆಕಾಯಿ ಕಾಲದಲ್ಲಿ ರಾಶಿ ರಾಶಿ ಹಿದುಕಿರೋ ಕೈಗಳು ನಮ್ಮವು, ನಾಲ್ಕು ಬಟಾಣಿ ಯಾವ ಲೆಕ್ಕ. ಉಪ್ಪು, ಒಗ್ಗರಣೆ ಏನೂ ಬೇಡ. (ಕೇಳಿದ್ದಾರೆ, ಅದಕ್ಕೇ ಹೇಳ್ತಿದ್ದೀನಿ.)

ಪಾಲಕ್, ದಂಟಿನ ಸೊಪ್ಪು: ಕುದಿಯೋ ನೀರಲ್ಲಿ ಒಮ್ಮೆ ಅದ್ದಿ ತೆಗೆದ್ರೆ ಮೆತ್ತಗಾಗುತ್ತೆ. ಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ. ಸೌತೆಕಾಯಿ ಸಿಪ್ಪೆ ತೆಗೆದು ತೆಳ್ಳಗೆ ಬಿಲ್ಲೆ ಮಾಡಿ ಚಮಚಕ್ಕೆ ಸಿಕ್ಕಿಸಿ ಮುಳುಗಿಸಿಟ್ರೆ ಸಂಜೆವರೆಗೂ ಕಚ್ಚಿಕಚ್ಚಿ ತಿನ್ನುತ್ತೆ. ಹೀರೆಕಾಯಿ, ಸೀಮೆಬದನೆಕಾಯಿ ಬೇಯಿಸಿದ್ದೂ ನಡೆಯುತ್ತೆ. ಕ್ಯಾರೆಟ್, ಸಿಹಿಗುಂಬಳ ಚೆನ್ನಾಗಿ ಬೇಯಬೇಕು. ಇವೆರಡರ ಕೆಂಪು ಹಳದಿ ಬಣ್ಣ ಕ್ಯಾರೋಟಿನಾಯ್ಡ್ ಅನ್ನೋ ಪದಾರ್ಥದ್ದು. ಗೋಲ್ಡ್‌ಫಿಶ್ ತನ್ನ ಕೆಂಪು ಬಣ್ಣವನ್ನ ತಾನೇ ಮೈಯಲ್ಲಿ ತಯಾರು ಮಾಡ್ಕೊಳಲ್ಲ, ಅದಕ್ಕೆ ಬೇಕಾದ ಸರಕು ಊಟದಿಂದಲೇ ಬರಬೇಕು. ಬೆಳಕೂ ಬೇಕು. ಕತ್ತಲೆ ಮೂಲೇಲಿ ಇಟ್ಟು ಅಗ್ಗದ ಗುಳಿಗೆ ಹಾಕಿದ ಮೀನು ಬಿಳಚಿಕೊಳ್ಳೋದು ಇದಕ್ಕೇ. ಒಳ್ಳೆ ಮೀನಿನ ತಿಂಡಿಯ ಡಬ್ಬಿ ಮೇಲೆ ಸ್ಪಿರುಲಿನಾ ಅಂತ ಬರೆದಿರುತ್ತಲ್ಲ, ಅದೂ ಇದೇ ಕೆಲಸಕ್ಕೆ. ಮೈಸೂರಿನ ಸಿಎಫ್‌ಟಿಆರ್‌ಐನವರು ಮನುಷ್ಯರಿಗೆ ಅಂತ ಚಿಕ್ಕಿಗೆ ಹಾಕಿದ ನೀಲಿ ಹಸಿರು ಪಾಚಿ ಅದೇನೇ.

ಅಜೋಲ್ಲಾ: ಮನೇಲಿ ಹಸು ಇದ್ದವರಿಗೆ ಇದನ್ನ ಹೇಳ್ಬೇಕಾಗಿಲ್ಲ. ಟಾರ್ಪಾಲ್ ಹಾಕಿದ ಗುಂಡೀಲಿ ಬೆಳೆಯೋ ಹಸಿರು ಜಮಖಾನ. ಅದನ್ನ ಒಂದು ಹಿಡಿ ತಂದು ಹಳೇ ಬಕೆಟ್‌ಗೆ ಹಾಕಿ, ಸ್ವಲ್ಪ ನೆರಳಲ್ಲಿಡಿ, ತಾನೇ ಹೆಚ್ಚುತ್ತೆ. ಮೀನಿಗೆ ಹಾಕೋ ಮುಂಚೆ ಎರಡು ಮೂರು ನೀರಲ್ಲಿ ತೊಳೀರಿ, ಆ ಗುಂಡಿಗೆ ಸಗಣಿ ಹಾಕಿರ್ತಾರೆ. ಗುಂಡ ಇದನ್ನ ಮೊದಲ ದಿನ ಉಗಿದ. ಎರಡನೇ ದಿನಾನೂ ಉಗಿದ. ನಾಲ್ಕನೇ ದಿನ ಬೆಳಗ್ಗೆ ನೋಡಿದ್ರೆ ನೀರಿನ ಮೇಲೆ ಒಂದು ಎಲೆ ಇರ್ಲಿಲ್ಲ. ಗುಳಿಗೆ ರುಚಿ ಹತ್ತಿದ ಮೀನು ಮೊದಲು ಮುಖ ತಿರುಗಿಸುತ್ತೆ, ನಾವು ಹಾಸ್ಟೆಲಿಂದ ಬಂದು ಮುದ್ದೆ ನೋಡಿದಂಗೆ. ಬೆಳಗ್ಗೆ ಗುಳಿಗೆ ಹಾಕದೆ ಮೊದಲು ಸೊಪ್ಪು ಹಾಕಿ, ತಿನ್ನದೆ ಬಿಟ್ಟದ್ದನ್ನ ಸಂಜೆಗೆ ತೆಗೀರಿ, ಮತ್ತೆ ನಾಳೆ ಹಾಕಿ.

6/9

ಈಗ ಎಚ್ಚರಿಕೆ. ಇದನ್ನ ಸ್ಕಿಪ್ ಮಾಡಿದ್ರೆ ಮೇಲಿನದೆಲ್ಲ ವೇಸ್ಟ್.

ಸಂತೇಲಿ ತಂದ ಸೊಪ್ಪು ತರಕಾರಿಗೆ ಏನು ಹೊಡೆದಿದ್ದಾರೆ ಅಂತ ನಮಗೆ ಗೊತ್ತಿರಲ್ಲ. ತರಕಾರಿಗೆ ಹೊಡೆಯೋ ಸೈಪರ್‌ಮೆಥ್ರಿನ್ ಥರದ ಕೀಟನಾಶಕಗಳು ಮೀನಿಗೆ ತುಂಬಾ ಅಪಾಯ, ನಮಗೆ ಏನೂ ಆಗದಷ್ಟು ಕಮ್ಮಿ ಇದ್ರೂ ಮೀನಿಗೆ ತಡೆಯಲ್ಲ. ಹಾಗಾಗಿ ಹಿತ್ತಲಲ್ಲಿ ಬೆಳೆದದ್ದೇ ಬೆಸ್ಟ್. ಇಲ್ಲಾಂದ್ರೆ ಚೆನ್ನಾಗಿ ನೆನೆಸಿ, ಹರಿಯೋ ನೀರಲ್ಲಿ ತೊಳೆದು, ಬಿಸಿನೀರಲ್ಲಿ ಅದ್ದಿ ಆ ನೀರು ಚೆಲ್ಲಿ. ಸಿಪ್ಪೆ ತೆಗೆಯೋ ತರಕಾರಿ ಆರಿಸ್ಕೊಂಡ್ರೆ ಇನ್ನೂ ವಾಸಿ, ಬಟಾಣಿ, ಸಿಹಿಗುಂಬಳ ಥರದ್ದು.

ನಮ್ಮ ಸೀಮೆ ಕಡಲೆಕಾಯಿ ಸೀಮೆ. "ಹಿಂಡಿ ಹಾಕಲಾ?" ಅಂತ ಇಬ್ಬರು ಕೇಳಿದ್ರು. ಒಳ್ಳೇ ಪ್ರಶ್ನೆ, ಯಾಕಂದ್ರೆ ಕೆರೆಯಲ್ಲಿ ಮೀನು ಸಾಕೋರು ಕಡಲೆಕಾಯಿ ಹಿಂಡಿಗೆ ಅಕ್ಕಿ ತೌಡು ಬೆರೆಸಿ ಹಾಕೋದು ಹಳೇ ಪದ್ಧತಿ. ಆದ್ರೆ ಅದು ಎಕರೆಗಟ್ಟಲೆ ನೀರು. ನಿಮ್ಮ ಗಾಜಿನ ತೊಟ್ಟೀಲಿ ಅದೇ ಹಿಂಡಿ ಕರಗಿ, ಎಣ್ಣೆ ಪದರ ಕಟ್ಟಿ, ಮಾರನೇ ದಿನ ನಾರುತ್ತೆ. ಬೂಷ್ಟು ಬಂದ ಕಡಲೆಬೀಜ, ಹಿಂಡಿ ಆದ್ರಂತೂ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರುತ್ತೆ, ಯಕೃತ್ತು ಹಾಳು ಮಾಡುತ್ತೆ. ಮೀನಿಗೂ ಬೇಡ, ಹಸುಗೂ ಬೇಡ, ನಿಮಗೂ ಬೇಡ.

ಬ್ರೆಡ್, ಬಿಸ್ಕೆಟ್, ಅನ್ನ: ಬೇಡ. ನೀರು ಕೆಡಿಸೋದು ಬಿಟ್ರೆ ಹೆಚ್ಚೇನೂ ಮಾಡಲ್ಲ. ಇಲ್ಲಿ ಒಬ್ಬ ಫ್ರೆಂಡ್ ವಾದ: "ಶೃಂಗೇರೀಲಿ ತುಂಗಾ ನದಿ ಮೀನುಗಳಿಗೆ ಎಲ್ಲರೂ ಪುರಿ ಹಾಕ್ತಾರೆ, ಎಷ್ಟು ದಪ್ಪ ಇದಾವೆ ನೋಡಿದ್ಯಾ?" ನೋಡಿದ್ದೀನಿ ಮಾರಾಯ, ಟೂರ್ ಹೋದಾಗ ನಾನೂ ಹಾಕಿದ್ದೀನಿ. ಅಲ್ಲಿ ಹರಿಯೋ ಹೊಳೆ ಇದೆ. ಮೀನುಗಳು ಪುರಿ ತಿಂದು ಹೋಗಿ ಬಂಡೆ ಮೇಲಿನ ಪಾಚಿ, ಬಿದ್ದ ಹಣ್ಣು, ಹುಳ ಎಲ್ಲಾ ತಿಂತಾವೆ, ತಿಂದು ಬಿಟ್ಟದ್ದನ್ನ ನದಿ ಒಯ್ಯುತ್ತೆ. ನಿನ್ನ ಟಿವಿ ಸ್ಟ್ಯಾಂಡ್ ಮೇಲಿರೋ ಬೌಲಿಗೆ ಹೊಳೆ ಎಲ್ಲಿಂದ ತರ್ತೀಯ?

ಮತ್ತೆ ಬಟಾಣಿ ಔಷಧಿ ಅಲ್ಲ. ಮಲಬದ್ಧತೆಯಿಂದ ಊದಿದ್ರೆ ಒಂದು ದಿನ ಉಪವಾಸ, ಆಮೇಲೆ ಬಟಾಣಿ ಕೊಟ್ರೆ ಎಷ್ಟೋ ಸಲ ಸರಿಹೋಗುತ್ತೆ. ಆದ್ರೆ ಒರಾಂಡಾ, ಬ್ಲ್ಯಾಕ್ ಮೂರ್ ಥರ ಮೊಟ್ಟೆ ಆಕಾರದ ಮೀನುಗಳಿಗೆ ಆಕಾರದಿಂದಲೇ ಒಳಗಿನ ಗಾಳಿಚೀಲ ಇಕ್ಕಟ್ಟಾಗಿರುತ್ತೆ, ಸೋಂಕೂ ಇರಬಹುದು, ನೀರು ಕೆಟ್ಟಿರಬಹುದು. ಪೋಡು ಪೈನಾಪಲ್‌ನಂಗೆ ಎದ್ದು ನಿಂತಿದ್ರೆ ಬಟಾಣಿ ಹಿಡ್ಕೊಂಡು ಕೂರಬೇಡಿ, ಮೀನಿನ ಬಗ್ಗೆ ಗೊತ್ತಿರೋ ಪಶುವೈದ್ಯರನ್ನ ಕೇಳಿ.

7/9

ಸೊಪ್ಪು ಅಂದ ತಕ್ಷಣ ಇನ್ನೊಂದು ಗುಂಪು ಖುಷಿ ಆಯ್ತು. "ನಮ್ಮನೇಲಿ ಪ್ಯೂರ್ ವೆಜ್, ಮೀನಿಗೂ ಪ್ಯೂರ್ ವೆಜ್ಜೇ ಕೊಡ್ತೀವಿ" ಅಂತ. ಇಲ್ಲ ರೀ. ಗೋಲ್ಡ್‌ಫಿಶ್ ಮಿಶ್ರಾಹಾರಿ, ಅದಕ್ಕೆ ಪ್ರೋಟೀನ್ ಬೇಕೇ ಬೇಕು, ಮರಿ ಇದ್ದಾಗ ಇನ್ನೂ ಜಾಸ್ತಿ. ಗುಳಿಗೆ ಪೂರ್ತಿ ಬಿಡಿ ಅಂತ ನಾನು ಹೇಳ್ತಿಲ್ಲ. ಒಳ್ಳೇ ಗುಳಿಗೇಲಿ ತರಕಾರಿಯಲ್ಲಿ ಸಿಗದ ಪ್ರೋಟೀನ್, ವಿಟಮಿನ್ ಇರುತ್ತೆ. ಮುಳುಗೋ ಜಾತಿಯದು ತಗೊಳ್ಳಿ, ಇಲ್ಲಾಂದ್ರೆ ಅರ್ಧ ನಿಮಿಷ ನೀರಲ್ಲಿ ನೆನೆಸಿ ಹಾಕಿ, ಮೇಲೆ ಬಂದು ಗಾಳಿ ನುಂಗೋದು ಕಮ್ಮಿ ಆಗುತ್ತೆ. ದೊಡ್ಡ ಡಬ್ಬಿ ಆಫರ್‌ಗೆ ಬೀಳ್ಬೇಡಿ. ತೆರೆದ ಡಬ್ಬೀಲಿ ವಿಟಮಿನ್ ಸಿ ತಿಂಗಳು ಕಳೆದಂಗೆ ಸತ್ವ ಕಳ್ಕೊಳುತ್ತೆ, ತೇವ ಹೋದ್ರೆ ಬೂಷ್ಟು. ಬಿಡಿ ಕವರಲ್ಲಿ ಕಟ್ಟಿ ಮಾರೋದಕ್ಕೆ ತಾರೀಖೇ ಇರಲ್ಲ.

ಹುಳಕ್ಕೆ ದುಡ್ಡು ಕೊಡ್ಬೇಕಾಗಿಲ್ಲ. ನೀರು ಹಿಡಿದಿಟ್ಟ ಡ್ರಮ್ಮಲ್ಲಿ ಸೊಳ್ಳೆ ಮರಿ ಕುಣೀತಿರ್ತಾವಲ್ಲ, ಟೀ ಸೋಸೋ ಜರಡೀಲಿ ಹಿಡಿದು ತೊಳೆದು ಹಾಕಿ. ಗುಂಡನಿಗೆ ಅದು ಬಿರಿಯಾನಿ. ಆದ್ರೆ ಮೀನಿಗೆ ಅಂತ ಸೊಳ್ಳೆ ಬೆಳೆಸ್ಬೇಡಿ, ಆಶಾ ಅಕ್ಕಂದಿರು ಲಾರ್ವಾ ಸರ್ವೆಗೆ ಬಂದಾಗ ನನ್ನ ಹೆಸರು ಹೇಳ್ಬೇಡಿ. ಡ್ರಮ್ ಮುಚ್ಚಿಡೋದೇ ಸರಿ, ತಪ್ಪಿ ಬಿದ್ದದ್ದು ಮಾತ್ರ ಮೀನಿಗೆ. ಚರಂಡಿ ನೀರಿಂದ ಮಾತ್ರ ಹಿಡೀಬೇಡಿ.

ಎಷ್ಟು ಹಾಕೋದು? ಗುಳಿಗೆ ಆದ್ರೆ ಒಂದೆರಡು ನಿಮಿಷದಲ್ಲಿ ಖಾಲಿ ಆಗೋಷ್ಟು, ಬೆಳಗ್ಗೆ ಒಂದು ಸಲ. ಸಂಜೆ ತರಕಾರಿ. ವಾರದಲ್ಲಿ ಒಂದು ದಿನ ಏನೂ ಇಲ್ಲ. ನಮ್ಮ ಗುಂಡನಿಗೆ ಶನಿವಾರ ಉಪವಾಸ. ಶನಿಮಹಾತ್ಮನ ಪಾವಗಡ ಪಕ್ಕದಲ್ಲಿಟ್ಕೊಂಡು ಇನ್ಯಾವ ವಾರ ಇಟ್ಕೊಳ್ಲಿ? ಈ ಒಂದು ವಿಷಯದಲ್ಲಿ ಅಜ್ಜಿ ನನ್ನ ಪಾರ್ಟಿ.

ಫ್ರಿಡ್ಜ್ ಇರೋರಿಗೆ ಒಂದು ಉಪಾಯ: ಬೇಯಿಸಿದ ಬಟಾಣಿ, ಪಾಲಕ್, ಕ್ಯಾರೆಟ್ ರುಬ್ಬಿ, ಒಂದು ಚಮಚ ಗುಳಿಗೆ ಪುಡಿ ಸೇರಿಸಿ, ಚೈನಾ ಗ್ರಾಸ್ ಕರಗಿಸಿದ ನೀರಲ್ಲಿ ಕಲಸಿ ಐಸ್ ಟ್ರೇಗೆ ಸುರೀರಿ. ಗಟ್ಟಿಯಾದ ಮೇಲೆ ಫ್ರೀಜರ್‌ಗೆ. ದಿನಾ ಒಂದು ಚೂರು ಕತ್ತರಿಸಿ, ಕರಗಿಸಿ ಹಾಕಿ. ಪರೀಕ್ಷೆ ಟೈಮಲ್ಲಿ ನನ್ನ ಕಾಪಾಡೋದು ಇದೇ. ಅಣ್ಣ ಒಬ್ಬ ಅದನ್ನ ಕುಲ್ಫಿ ಅಂದ್ಕೊಂಡ ಕಥೆ ಇನ್ನೊಂದು ಪೋಸ್ಟಿಗೆ.

8/9

ಈಗ ಕಷ್ಟದ ಪ್ರಶ್ನೆ. ಇದನ್ನ ಕೇಳಿದ್ದು ನಮ್ಮಪ್ಪ. "ಮನುಷ್ಯರಿಗೇ ಟ್ಯಾಂಕರ್ ನೀರು ಕಾಯೋ ಊರಲ್ಲಿ ಮೀನು ಸಾಕೋದು, ಅದಕ್ಕೆ ಸೊಪ್ಪು ತರೋದು, ಇದೆಲ್ಲಾ ಬೇಕಾ?"

ಒಂದು ವಾರ ನನ್ನ ಹತ್ರ ಉತ್ತರ ಇರ್ಲಿಲ್ಲ. ನಮ್ಮ ತಾಲ್ಲೂಕಿನ ನೀರಿನ ಕಥೆ ನಿಮಗೆ ಗೊತ್ತು. ಆಳಕ್ಕೆ ಕೊರೆಸಿದ ಬೋರು, ಅದರಲ್ಲಿ ಫ್ಲೋರೈಡ್, ಕುಡಿಯೋಕೆ ಶುದ್ಧ ನೀರಿನ ಘಟಕದ ಮುಂದೆ ಕ್ಯಾನ್ ಹಿಡ್ಕೊಂಡು ನಿಲ್ಲೋದು. ಅಪ್ಪನ ಪ್ರಶ್ನೆ ಕುಹಕದ್ದಲ್ಲ.

ಕೊನೆಗೆ ಉತ್ತರ ಸಿಕ್ಕಿದ್ದು ಕೊಳಕು ನೀರಲ್ಲಿ. ಮೀನು ತಿಂದ ಪ್ರೋಟೀನ್ ಕರಗಿ ಅಮೋನಿಯಾ ಆಗಿ ಕಿವಿರಿಂದ ನೀರಿಗೆ ಬರುತ್ತೆ. ಮಿಕ್ಕಿದ ಊಟ ಕೊಳೆತರೂ ಅದೇ ಅಮೋನಿಯಾ. ನೀರು ಬಿಸಿ ಇದ್ದಷ್ಟೂ, ಕ್ಷಾರ ಇದ್ದಷ್ಟೂ ಅದರ ವಿಷ ಜಾಸ್ತಿ. ನಮ್ಮ ಬೋರ್ ನೀರು, ನಮ್ಮ ಏಪ್ರಿಲ್ ಬಿಸಿಲು ಎರಡೂ ನೆನೆಸ್ಕೊಳ್ಳಿ. ಬೇರೆ ಊರಲ್ಲಿ ಮಾಫ್ ಆಗೋ ತಪ್ಪು ಇಲ್ಲಿ ಆಗಲ್ಲ, ಇಲ್ಲಿ ಜಾಸ್ತಿ ಗುಳಿಗೆ ಅಂದ್ರೆ ಜಾಸ್ತಿ ವಿಷ. ಫಿಲ್ಟರಿನ ಸ್ಪಂಜಲ್ಲಿ ಬೆಳೆಯೋ ಬ್ಯಾಕ್ಟೀರಿಯಾ ಆ ಅಮೋನಿಯಾವನ್ನ ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತೆ. ನೈಟ್ರೇಟ್ ಅಂದ್ರೆ ಗಿಡಕ್ಕೆ ಗೊಬ್ಬರ.

ಹಾಗಾಗಿ ಈಗ ನಮ್ಮನೇಲಿ ತೊಟ್ಟಿಯಿಂದ ತೆಗೆದ ಒಂದು ಹನಿ ನೀರೂ ಮೋರಿಗೆ ಹೋಗಲ್ಲ. ವಾರಕ್ಕೊಮ್ಮೆ ಕಾಲುಭಾಗ ತೆಗೀತೀನಿ, ಅದು ಹಿತ್ತಲ ಪಾಲಕ್, ದಂಟು, ಕರಿಬೇವಿಗೆ. ಗಿಡಕ್ಕೆ ಹೇಗಿದ್ರೂ ನೀರು ಹಾಕ್ತಿದ್ವಿ, ಅದೇ ನೀರು ಮೊದಲು ಮೀನಿನ ಮನೆ ಸುತ್ತಿ ಬರುತ್ತೆ ಅಷ್ಟೇ. ಆ ಪಾಲಕ್ಕಲ್ಲಿ ಎರಡೆಲೆ ಗುಂಡನಿಗೆ, ಮಿಕ್ಕಿದ್ದು ನಮ್ಮ ಸಾರಿಗೆ. ಬಿಕಾಂ ಭಾಷೇಲಿ ಹೇಳೋದಾದ್ರೆ ವೇಸ್ಟ್ ಅಂತ ಬರೆದಿದ್ದನ್ನ ಇನ್‌ಪುಟ್ ಕಾಲಮ್ಮಿಗೆ ತಂದೆ. ಮೊದಲು ತಿಂಗಳಿಗೊಂದು ಡಬ್ಬಿ ಗುಳಿಗೆ ಬೇಕಾಗ್ತಿತ್ತು, ಈಗ ಅದೇ ಡಬ್ಬಿ ಮೂರು ತಿಂಗಳು ಬರುತ್ತೆ. ಅಪ್ಪ ಇದನ್ನ ಒಪ್ಪಿಕೊಂಡ್ರು ಅಂತ ಬಾಯಲ್ಲಿ ಹೇಳಿಲ್ಲ. ಆದ್ರೆ ಹೋದ ತಿಂಗಳು ಅವರೇ ಬಕೆಟ್ ಎತ್ಕೊಂಡು ಹೋಗಿ ಪಾಲಕ್ಕಿಗೆ ಸುರಿದ್ರು.

(ಒಬ್ಬಳು ಪ್ರೀತಿಗೆ ಶುದ್ಧ ನೀರಿನ ಘಟಕದ ಆರ್‌ಒ ನೀರನ್ನೇ ಪೂರ್ತಿ ತೊಟ್ಟಿಗೆ ತುಂಬಿದ್ಲು. ಬೇಡ. ಅದರಲ್ಲಿ ಖನಿಜ ಎಲ್ಲಾ ತೆಗೆದಿರ್ತಾರೆ, ಆಮ್ಲ ಕ್ಷಾರದ ಹದ ನಿಲ್ಲಲ್ಲ. ಗೋಲ್ಡ್‌ಫಿಶ್‌ಗೆ ಗಡಸು ನೀರು ಒಗ್ಗುತ್ತೆ. ಪಂಚಾಯ್ತಿ ನಲ್ಲಿ ನೀರಿಗೆ ಬ್ಲೀಚಿಂಗ್ ಹಾಕಿದ್ರೆ ಮಾತ್ರ ಬಕೆಟ್ಟಲ್ಲಿ ಒಂದು ದಿನ ತೆರೆದಿಟ್ಟು ಆಮೇಲೆ ಹಾಕಿ.)

ಸಾಕೋಕೆ ಆಗ್ತಿಲ್ಲ ಅಂತ ಕೆರೆಗೋ, ಉತ್ತರ ಪಿನಾಕಿನಿ ಹರಿದ ವರ್ಷ ಹೊಳೆಗೋ ಬಿಡೋಣ ಅನ್ನೋರಿಗೂ ಒಂದು ಮಾತು. ಬೇಡ. ಬೇರೆ ದೇಶಗಳಲ್ಲಿ ಹಂಗೆ ಬಿಟ್ಟ ಗೋಲ್ಡ್‌ಫಿಶ್‌ಗಳು ಅಂಗೈಗಿಂತ ದೊಡ್ಡದಾಗಿ ಬೆಳೆದು, ತಳ ಕೆದಕಿ, ಗಿಡ ಕಿತ್ತು ಕೆರೆಗಳನ್ನೇ ಬಗ್ಗಡ ಮಾಡಿವೆ. ನಮ್ಮ ಊರಿನ ಹೆಸರಲ್ಲೇ ತೆಲುಗಿನ ಚೆರುವು ಕೇಳ್ಸುತ್ತೆ, ಕೆರೆಗೆ ಇದನ್ನೂ ಸೇರಿಸೋದು ಬೇಡ. ನನಗೆ ಡಿಎಂ ಮಾಡಿ, ಸಾಕೋರನ್ನ ಹುಡುಕೋಣ.

9/9

ಗುಂಡನಿಗೆ ಈಗ ಎರಡು ವರ್ಷ ಚಿಲ್ಲರೆ. ಬೌಲ್ ಹೋಗಿ ಉದ್ದನೆ ತೊಟ್ಟಿ ಬಂದಿದೆ, ಸೆಕೆಂಡ್ ಹ್ಯಾಂಡ್, ಒಂದು ಮೂಲೆ ಸೀಳಿದ್ದನ್ನ ಸಿಲಿಕಾನ್ ಹಾಕಿ ಮುಚ್ಚಿದ್ದು. ಕೊನೇ ಫೋಟೋದಲ್ಲಿ ಎಡಕ್ಕೆ ಕಾಣೋ ಗೆರೆ ಅದೇ. ಬೆನ್ನಿನ ಹತ್ರ ಬಿಳಚಿಕೊಂಡಿದ್ದ ಬಣ್ಣ ವಾಪಸ್ ಬಂದಿದೆ, ಫಿಲ್ಟರ್ ಹಾಕಿಲ್ಲ, ಫೋಟೋಗೆ ಅಂತ ಹೇಳ್ತಿದ್ದೀನಿ, ತೊಟ್ಟಿಗೆ ಹಾಕಿದ್ದೀನಿ.

ತಂಗಿ ಗೋಡೆ ಮೇಲೆ ಒಂದು ಚಾರ್ಟ್ ಅಂಟಿಸಿದ್ದಾಳೆ. ಯಾರು ಊಟ ಹಾಕಿದ್ರೂ ಟಿಕ್ ಮಾಡ್ಬೇಕು. ಎರಡು ಟಿಕ್ ಆದ್ಮೇಲೆ ಅಜ್ಜಿಗೂ ಪರ್ಮಿಷನ್ ಇಲ್ಲ. ಅವಳ ಹಳೇ ಪ್ರಶ್ನೆಗೆ ನಾನು ಕೊನೆಗೂ ಉತ್ತರ ಹೇಳಿದೆ, ಹೋದ ವರ್ಷ. ಹೊಟ್ಟೆ ಇಲ್ಲ ಕಣೇ ಅದಕ್ಕೆ, ಆದ್ರೆ ನೋವಂತೂ ಆಗಿರುತ್ತೆ, ನಾವು ಹಾಕಿದ್ದು ಜಾಸ್ತಿ ಆಯ್ತು ಅಂತ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು "ನಾನು ಹಾಕಿದ್ದೂ ಸೇರಿ ತಾನೇ?" ಅಂದಳು. ಹೌದು ಅಂದೆ. ಮಾರನೇ ದಿನ ಚಾರ್ಟ್ ಬಂತು.

ಇದನ್ನ ಟೈಪ್ ಮಾಡ್ತಿರೋದು ಶನಿವಾರ ಸಂಜೆ. ಗುಂಡ ಗಾಜಿಗೆ ಮೂತಿ ಒತ್ತಿ, ಬಾಯಿ ತೆಗೆದು ಮುಚ್ಚಿ, ನನ್ನೇ ನೋಡ್ತಾವ್ನೆ. ಹತ್ತು ನಿಮಿಷದಿಂದ.

ಇಲ್ಲಪ್ಪ. ನಾಳೆ ಬೆಳಗ್ಗೆ ಬಟಾಣಿ.

#ಗೋಲ್ಡ್‌ಫಿಶ್ #ಗುಂಡನಊಟ #ಕ್ಯಾತಗಾನಚೆರ್ಲು #ಪಾವಗಡ